ಅವ್ವನ ಪದ, ಅಪ್ಪನ ಪ್ಲೇಯರ್

ಕೆ.ಆರ್. ಪೇಟೆ ಹತ್ತಿರದ ನಮ್ಮೂರಲ್ಲಿ ಅಪ್ಪ ಒಬ್ಬರೇ ಇದ್ದಾರೆ. ಜೊತೆಗಿರೋದು ಅಂಗೈ ಅಗಲದ ಒಂದು ಎಂಪಿ3 ಪ್ಲೇಯರ್. ಎಫ್‌ಎಂ ಬರುತ್ತೆ, ಮೆಮೊರಿ ಕಾರ್ಡ್ ಹಾಕಬಹುದು, ದಪ್ಪ ದಪ್ಪ ಬಟನ್‌ಗಳು. ಟಚ್ ಫೋನ್ ಅವರ ಒರಟು ಬೆರಳಿಗೆ ಒಗ್ಗಲೇ ಇಲ್ಲ. ತೋಟಕ್ಕೆ ಹೋಗುವಾಗಲೂ ಈ ಪ್ಲೇಯರ್ ಜೇಬಿನಲ್ಲೇ.

ಅವ್ವ ತೀರಿಕೊಂಡು ವರ್ಷವಾಗಿತ್ತು. ಒಂದಿನ ಅಪ್ಪ, "ನಿಮ್ಮವ್ವ ಹೇಳ್ತಿದ್ದ ಸೋಬಾನೆ ಪದ ಇದ್ರಲ್ಲಿ ಬರಂಗೆ ಮಾಡಕಾಯ್ತದೇನವ್ವ?" ಅಂದರು. ಅವರು ನನ್ನ ಹತ್ತಿರ ಬಾಯಿಬಿಟ್ಟು ಏನನ್ನೂ ಕೇಳಿದವರಲ್ಲ. ಇದೇನು ಮಹಾ, ಕಾಪಿ ಮಾಡಿದರಾಯ್ತು ಅಂದುಕೊಂಡೆ.

ಹುಡುಕಿದರೆ ಹನ್ನೊಂದು ರೆಕಾರ್ಡಿಂಗ್ ಸಿಕ್ಕವು. ಕೆಲವು ಅಣ್ಣನ ಐಫೋನ್‌ನಲ್ಲಿ, ಕೆಲವು ತಂಗಿಯ ವಾಟ್ಸಾಪ್‌ನಲ್ಲಿ, ಒಂದು ನನ್ನ ಹಳೇ ಬಟನ್ ಫೋನಿನಲ್ಲಿ. ಆ ಒಂದು, 2011ರಲ್ಲಿ ತಂಗಿ ಮದುವೆಯ ಮನೆಯಲ್ಲಿ ಹಿಡಿದದ್ದು. ಅವ್ವನ ಗಂಟಲು ಗಟ್ಟಿಯಾಗಿದ್ದ ಕಾಲ. ಎಲ್ಲವನ್ನೂ ಕಾರ್ಡಿಗೆ ತುಂಬಿಸಿಕೊಂಡು ಊರಿಗೆ ಹೋದೆ.

ಪ್ಲೇಯರ್‌ನಲ್ಲಿ ಹಳೇ ಸಿನಿಮಾ ಹಾಡು ಮುಗೀತು. ಆಮೇಲೆ ಒಂದೂ ಸದ್ದಿಲ್ಲ, ಮತ್ತೆ ಅದೇ ಸಿನಿಮಾ ಹಾಡು. ಅವ್ವನ ಹನ್ನೊಂದನ್ನೂ ಹಾರಿಸಿಬಿಟ್ಟಿತ್ತು. ಅಪ್ಪ ನಕ್ಕು, "ಅವ್ಳು ಹಂಗೇ ಕಣವ್ವ, ಮೂರ್ ಸಲ ಕರೀದೆ ಪದ ಹೇಳ್ದೋಳಲ್ಲ" ಅಂದರು. ನನಗೆ ನಗು ಬರಲಿಲ್ಲ.

ಪೇಟೆಯ ಅಂಗಡಿಯವನು ಕಾರ್ಡನ್ನು ನೋಡದೆಯೇ, "ಸೆಟ್ ಹೋಗಿದೆ ಮೇಡಂ, ಹೊಸದು ತಗೊಳ್ಳಿ" ಅಂದ. ಅದೇ ಕಾರ್ಡಿನ ಸಿನಿಮಾ ಹಾಡು ಬರ್ತಿದೆಯಲ್ಲಪ್ಪ ಅಂದರೆ ಉತ್ತರವಿಲ್ಲ. ಮೈಸೂರಿಗೆ ವಾಪಸ್ ಬಂದು ನಾನೇ ಒಂದು ಬುದ್ಧಿವಂತಿಕೆ ಮಾಡಿದೆ. ಫೈಲ್ ಹೆಸರಿನ ಕೊನೆಯಲ್ಲಿದ್ದದ್ದನ್ನು ಅಳಿಸಿ 'ಎಂಪಿ3' ಅಂತ ಟೈಪ್ ಮಾಡಿದೆ. ಅದೂ ಕೆಲಸಕ್ಕೆ ಬರಲಿಲ್ಲ. ಡಿಪ್ಲೊಮಾ ಓದ್ತಿರೋ ಅಣ್ಣನ ಮಗನಿಗೆ ಹೇಳಿದರೆ, "ಅತ್ತೆ, ಉಪ್ಪಿನ ಡಬ್ಬಿಗೆ ಸಕ್ಕರೆ ಅಂತ ಚೀಟಿ ಅಂಟಿಸಿದ್ರೆ ಕಾಫಿ ಸಿಹಿ ಆಗುತ್ತಾ?" ಅಂತ ನಕ್ಕ.

ವಿಷಯ ಇಷ್ಟೇ. ಧ್ವನಿಯನ್ನು ಕುಗ್ಗಿಸಿಡುವ ರೀತಿ ಒಂದೊಂದು ಕಡೆ ಒಂದೊಂದು. ಐಫೋನಿನದು ಎಂ4ಎ, ವಾಟ್ಸಾಪ್ ವಾಯ್ಸ್ ಮೆಸೇಜಿನದು ಓಪಸ್, ನನ್ನ ಹಳೇ ಫೋನಿನದು ಎಎಂಆರ್. ಈಗಿನ ಫೋನಿಗೆ ಇವೆಲ್ಲ ಗೊತ್ತು. ಅಪ್ಪನ ಪ್ಲೇಯರ್‌ಗೆ ಗೊತ್ತಿರೋದು ಎಂಪಿ3 ಮತ್ತು ವೇವ್ ಮಾತ್ರ. ಹೆಸರು ಬದಲಿಸಿದರೆ ಸಾಲದು, ಸಾಫ್ಟ್‌ವೇರ್‌ನಲ್ಲಿ ಹಾಕಿ ಒಳಗಿನದ್ದನ್ನೇ ಪರಿವರ್ತಿಸಬೇಕು. ಹುಡುಗ ಎಫ್‌ಎಫ್‌ಎಂಪೆಗ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಮಾಡಿಕೊಟ್ಟ. ಮೂಲ ಫೈಲ್‌ಗಳನ್ನು ಮಾತ್ರ ಅಳಿಸಬೇಡಿ ಅಂದ, ಪರಿವರ್ತಿಸಿದಾಗೆಲ್ಲ ಧ್ವನಿ ಒಂಚೂರು ಸವೆಯುತ್ತಂತೆ.

ಮುಂದಿನ ಭಾನುವಾರ ಹತ್ತು ಪದ ಬಂದವು. ಬಾರದೇ ಇದ್ದದ್ದು 2011ರದ್ದು. ಅದೂ ಎಂಪಿ3ಯೇ ಆಗಿತ್ತು, ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗೇ ಕೇಳ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಬೇಕಿದ್ದದ್ದು ಅದೊಂದೇ. ಎರಡು ರಾತ್ರಿ ತಲೆ ಕೆಡಿಸಿಕೊಂಡ ಮೇಲೆ ಹುಡುಗನೇ ಕಂಡುಹಿಡಿದ. ಹಳೇ ಫೋನು ಧ್ವನಿಯನ್ನು ಸೆಕೆಂಡಿಗೆ 8,000 ಸಲ ಮಾತ್ರ ಅಳೆದು ಇಟ್ಟಿತ್ತು. ಪರಿವರ್ತಿಸಿದಾಗಲೂ ಅದೇ ಲೆಕ್ಕ ಉಳಿದಿತ್ತು. ಸಿನಿಮಾ ಹಾಡುಗಳದ್ದು 44,100. ಅಷ್ಟು ಕಡಿಮೆ ಲೆಕ್ಕದ ಎಂಪಿ3 ಇಂಥ ಸಣ್ಣ ಪ್ಲೇಯರ್‌ಗಳಲ್ಲಿ ಕೆಲವಕ್ಕೆ ಓದೋಕೆ ಬರಲ್ಲ. ಮೂಲದಿಂದ ಮತ್ತೆ 44,100ಕ್ಕೆ ಮಾಡಿದ. ಧ್ವನಿಯೇನೂ ಇಂಪಾಗಲಿಲ್ಲ, ಫೋನಿನಲ್ಲಿ ಮಾತಾಡಿದ ಹಾಗೇ ಇದೆ. ಆದರೆ ಬಂತು.

ಪದದ ನಡುವೆ ಅವ್ವ ನಿಲ್ಲಿಸಿ, "ಹಾಲು ಉಕ್ತಾ ಅದೆ, ನೋಡ್ರೇ" ಅಂತ ಕೂಗ್ತಾಳೆ. ಅದನ್ನು ಕತ್ತರಿಸ್ಲಾ ಅತ್ತೆ ಅಂತ ಹುಡುಗ ಕೇಳಿದ್ದ. ಬೇಡ ಅಂದಿದ್ದೆ. ಜಗಲಿಯಲ್ಲಿ ಕೂತು ಕೇಳ್ತಿದ್ದ ಅಪ್ಪ ಆ ಮಾತು ಬಂದಾಗ ಅಡುಗೆಮನೆ ಕಡೆ ತಿರುಗಿದರು. ಪದ ಮುಗಿದ ಮೇಲೆ ಹಿಂದಿನ ಬಟನ್ ಒತ್ತಿ ಮತ್ತೆ ಹಾಕಿದರು.

ರಾತ್ರಿ ಊಟಕ್ಕೆ ಕೂತಾಗ, "ನಿಮ್ ಸೋದರತ್ತೆ ತಾವೂ ಇಂಥದ್ದೇ ಒಂದ್ ಡಬ್ಬ ಅದೆ. ಅವಳ್ಗೂ ಒಂದ್ ಕಾರ್ಡ್ ಮಾಡ್ಕೊಡು" ಅಂದರು.