ಬಿಸಿಯಿಂದ ಸರಿದು ಕೂರಲು ಒಂದು ಜಾಗ

ನಾನು ಕಟ್ಟಿದ ಗೂಡಿನಲ್ಲಿ ಒಂದು ಹಲ್ಲಿಯ ಹೊಟ್ಟೆ ಸುಟ್ಟಿತು. ಬೆಂಕಿ ಹತ್ತಿಕೊಳ್ಳಲಿಲ್ಲ, ಶಾರ್ಟ್ ಸರ್ಕ್ಯೂಟ್ ಆಗಲಿಲ್ಲ. ಎಲ್ಲವೂ ನಾನು ಜೋಡಿಸಿದಂತೆಯೇ ಕೆಲಸ ಮಾಡುತ್ತಿತ್ತು. ಜೋಡಿಸಿದ್ದೇ ತಪ್ಪಾಗಿತ್ತು. ಹಲ್ಲಿ, ಹಾವು, ಆಮೆಗಳಿಗೆ ಕೈಯಾರೆ ಗೂಡು ಕಟ್ಟಲು ಹೊರಟವರು ಇದೇ ದಾರಿ ಹಿಡಿಯದಿರಲಿ ಎಂದು ನಡೆದದ್ದನ್ನು ಹೇಳುತ್ತಿದ್ದೇನೆ.

ನಾವಿರುವುದು ಅಮೆರಿಕದ ಮಿನೆಸೋಟದಲ್ಲಿ. ಚಳಿಗಾಲದ ರಾತ್ರಿ ಮೈನಸ್ 20 ಡಿಗ್ರಿ ಸೆಲ್ಸಿಯಸ್ ಇಲ್ಲಿ ಅಪರೂಪವಲ್ಲ. ಮಗಳ ಬಹುದಿನದ ಆಸೆಗೆ ಒಪ್ಪಿ ಒಂದು ಲೆಪರ್ಡ್ ಗೆಕ್ಕೊ ತಂದೆವು. ಹಳದಿ ಮೈಮೇಲೆ ಕಪ್ಪು ಚುಕ್ಕೆಗಳಿರುವ, ಗೇಣುದ್ದದ ನೆಲದ ಹಲ್ಲಿ ಅದು. ನಮ್ಮ ಮನೆಹಲ್ಲಿಗಿಲ್ಲದ ಕಣ್ಣುರೆಪ್ಪೆ ಅದಕ್ಕುಂಟು. ಗೋಡೆ ಹತ್ತಿಸುವ ಪಾದ ಅದಕ್ಕಿಲ್ಲ. ಅಫ್ಘಾನಿಸ್ತಾನ, ಪಾಕಿಸ್ತಾನ, ವಾಯವ್ಯ ಭಾರತದ ಒಣ ಕಲ್ಲುನೆಲ ಅದರ ತವರು. ಇಲ್ಲಿ ಮಾರಾಟಕ್ಕೆ ಬರುವವು ಹೆಚ್ಚಾಗಿ ಸಾಕಣೆಯಲ್ಲೇ ಹುಟ್ಟಿದವು. ಊರಿನಲ್ಲಿ ಓದುತ್ತಿರುವವರಿಗೆ ಒಂದು ಮಾತು: ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಕ್ಷತ್ರ ಆಮೆ, ಉಡದಂಥ ಜೀವಿಗಳನ್ನು ಹಿಡಿದು ಸಾಕುವುದು ಅಪರಾಧ.

ಗೂಡನ್ನು ಪ್ಲೈವುಡ್‌ನಲ್ಲಿ ಕಟ್ಟಿದೆ. ಮುಂದೆ ಸರಿಯುವ ಗಾಜು, ಒಳಗೆ ಕಲ್ಲು, ಅಡಗಲು ಎರಡು ಗುಹೆ. ಕಾವಿಗೆಂದು ನೆಲದ ಮೇಲೆ ಹೀಟ್ ಮ್ಯಾಟ್ ಹಾಸಿ, ಮೇಲೆ ಟೈಲ್ಸ್ ಇಟ್ಟೆ. ಕೆಲವೇ ವ್ಯಾಟ್‌ನ ತೆಳ್ಳನೆಯ ಹಾಳೆ, ಅದೆಷ್ಟು ಬಿಸಿಯಾದೀತು ಎಂಬ ಭರವಸೆಯಿಂದ ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಿದೆ. ಗೋಡೆಗೆ ಅಂಟಿಸಿದ ಥರ್ಮಾಮೀಟರ್ ಪಟ್ಟಿ 26, 27 ತೋರಿಸುತ್ತಿತ್ತು. ಅದನ್ನು ನೋಡಿ ನೆಮ್ಮದಿಯಾಗಿದ್ದೆ.

ಡಿಸೆಂಬರ್ ಬಂತು. ರಾತ್ರಿ ಮನೆಯ ಹೀಟಿಂಗ್ ಇಳಿಸುವುದು ನಮ್ಮ ರೂಢಿ. ಹಲ್ಲಿ ಟೈಲ್ಸ್ ಬಿಟ್ಟು ಏಳುವುದೇ ಕಡಿಮೆಯಾಯಿತು. ಬೆಚ್ಚಗಿರುವುದು ಅದಕ್ಕೆ ಇಷ್ಟ ಎಂದುಕೊಂಡೆ. ಹುಳು ತಿನ್ನುವುದನ್ನು ಬಿಟ್ಟಿತು. ಒಂದು ಸಂಜೆ ಮಗಳು ಅದನ್ನು ಅಂಗೈಯಲ್ಲಿ ಎತ್ತಿಕೊಂಡವಳು, "ಅಪ್ಪಾ, ಹೊಟ್ಟೆ ನೋಡು" ಎಂದಳು. ಬೆಳ್ಳಗಿರಬೇಕಾದ ಹೊಟ್ಟೆಯ ಮೇಲೆ ಕಂದುಗೆಂಪು ಕಲೆ ಹರಡಿತ್ತು.

ಪಶುವೈದ್ಯೆ ನೋಡಿದ ಕೂಡಲೇ ಸುಟ್ಟಗಾಯ ಎಂದರು. ಮುಲಾಮು ಕೊಟ್ಟರು, ಗಾಯ ಮಾಯುವವರೆಗೆ ಮಣ್ಣು, ಮರಳು ತೆಗೆದು ಬರೀ ಪೇಪರ್ ಟವೆಲ್ ಹಾಸಲು ಹೇಳಿದರು. ಆಮೇಲೆ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ: "ಬಿಸಿ ಹೆಚ್ಚಾದಾಗ ಅದು ಎಲ್ಲಿಗೆ ಹೋಗಬೇಕಿತ್ತು?"

ಬೇಲಿಯ ಮೇಲಿನ ಓತಿಕ್ಯಾತವನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಬಿಸಿಲಿಗೆ ಮೈಯೊಡ್ಡಿ ಕೂರುತ್ತದೆ, ಸಾಕೆನಿಸಿದಾಗ ನೆರಳಿಗೆ ಸರಿಯುತ್ತದೆ. ಸರೀಸೃಪಗಳು ಮೈಬಿಸಿಯನ್ನು ಹದದಲ್ಲಿ ಇಟ್ಟುಕೊಳ್ಳುವುದು ಬಹುಮಟ್ಟಿಗೆ ಹೀಗೆ ಅತ್ತಿತ್ತ ಓಡಾಡಿಯೇ. ತಿಂದದ್ದು ಅರಗಬೇಕಾದರೂ ಅವಕ್ಕೆ ಹೊರಗಿನ ಕಾವು ಬೇಕು. ಲೆಪರ್ಡ್ ಗೆಕ್ಕೊಗೆ ಬೆಚ್ಚನೆಯ ಕಡೆ ನೆಲ ಸುಮಾರು 32 ಡಿಗ್ರಿ, ತಂಪಿನ ಕಡೆ 24ರ ಆಸುಪಾಸು ಇದ್ದರೆ ಎರಡರ ನಡುವೆ ತನಗೆ ಬೇಕಾದ್ದನ್ನು ಅದೇ ಆರಿಸಿಕೊಳ್ಳುತ್ತದೆ. ನನ್ನ ಗೂಡಿನಲ್ಲಿ ಆ ನಡುವೆಯೇ ಇರಲಿಲ್ಲ. ಒಂದು ಕಡೆ ಕೊರೆಯುವ ಚಳಿ, ಇನ್ನೊಂದು ಕಡೆ ಸುಡುವ ಟೈಲ್ಸ್. ಚಳಿ ತಾಳಲಾರದೆ ಅದು ಸುಡುವಲ್ಲೇ ಹೊಟ್ಟೆಯೂರಿ ಮಲಗಿತ್ತು. ನಾನು ಇಷ್ಟ ಎಂದುಕೊಂಡದ್ದು ಅದರ ನಿರುಪಾಯವಾಗಿತ್ತು.

ಮನೆಗೆ ಬಂದು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಟೈಲ್ಸ್ ಅಳೆದೆ. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದಂಥದ್ದೇ ಗನ್, ಆದರೆ ವಸ್ತುಗಳ ಮೇಲ್ಮೈ ಬಿಸಿ ಅಳೆಯುವಂಥದ್ದು. ಅಂಕಿ 50 ದಾಟಿತು. ಅದೇ ಗಳಿಗೆಯಲ್ಲಿ ಗೋಡೆಯ ಪಟ್ಟಿ 26 ಎನ್ನುತ್ತಿತ್ತು. ಪಟ್ಟಿಯದು ಸುಳ್ಳಲ್ಲ, ಅದು ತಾನಿದ್ದ ಗೋಡೆಯ ಬಿಸಿಯನ್ನು ಹೇಳುತ್ತಿತ್ತು. ಹಲ್ಲಿ ಮಲಗುತ್ತಿದ್ದದ್ದು ನೆಲದ ಮೇಲೆ. ಮ್ಯಾಟ್ ಕಿತ್ತು ನೋಡಿದರೆ ಅಡಿಯ ಪ್ಲೈವುಡ್‌ನ ಮೇಲ್ಪದರ ಉಬ್ಬಿ ಎದ್ದಿತ್ತು. ಕೆಳಗೆ ಮರ, ಮೇಲೆ ಟೈಲ್ಸ್, ನಡುವೆ ಗಾಳಿಯಾಡಲು ಎಡೆಯಿಲ್ಲ. ಹೊರಹೋಗದ ಬಿಸಿ ಅಲ್ಲೇ ಕೂಡಿಕೊಂಡಿತ್ತು. ವ್ಯಾಟ್ ಕಡಿಮೆಯಾದರೂ ಬಿಸಿ ಹೋಗಲು ದಾರಿಯಿಲ್ಲದಿದ್ದರೆ ಏರುತ್ತಲೇ ಇರುತ್ತದೆ ಎಂಬುದು ಆಗ ಅರ್ಥವಾಯಿತು. ಆ ಮರದ ಗೂಡು ಇದ್ದದ್ದು ಮಗಳು ಮಲಗುವ ಕೋಣೆಯಲ್ಲಿ. ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಗೂಡನ್ನು ಮೊದಲಿನಿಂದ ಕಟ್ಟಿದೆ. ಈ ಸಲ ಮೊದಲು ಕೊಂಡದ್ದು ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್. ಮರದ ಮೇಲಿನ ಮ್ಯಾಟ್ ಪೂರ್ತಿ ಬಿಟ್ಟು, ಬೆಚ್ಚನೆಯ ತುದಿಯಲ್ಲಿ ಮೇಲಿನಿಂದ ಹ್ಯಾಲೊಜೆನ್ ಬಲ್ಬು ಹಾಕಿದೆ. ಅದು ಹಗಲಿಡೀ ಕೆಳಗಿನ ಕಲ್ಲನ್ನು ಕಾಯಿಸುತ್ತದೆ, ಕತ್ತಲಾದ ಮೇಲೂ ಕಲ್ಲು ಸ್ವಲ್ಪ ಹೊತ್ತು ಬೆಚ್ಚಗಿರುತ್ತದೆ. ರಾತ್ರಿಗೆ ಬೆಳಕಿಲ್ಲದ ಸೆರಾಮಿಕ್ ಹೀಟರ್. ಅದರ ಮೈ ಮುಟ್ಟಲಾಗದಷ್ಟು ಕಾಯುವುದರಿಂದ ಪ್ಲಾಸ್ಟಿಕ್ ಹೋಲ್ಡರ್ ಕರಗೀತು. ಪಿಂಗಾಣಿ ಹೋಲ್ಡರೇ ಬೇಕು. ಎರಡಕ್ಕೂ ಸುತ್ತ ತಂತಿಬಲೆ, ಮರಕ್ಕೂ ಅವಕ್ಕೂ ಸಾಕಷ್ಟು ಅಂತರ. ಬೆಚ್ಚನೆಯ ಕಡೆ ಮೇಲ್ಗಡೆ, ತಂಪಿನ ಕಡೆ ಕೆಳಗಡೆ ಕಿಂಡಿ ಕೊರೆದೆ. ಬಿಸಿಗಾಳಿ ಮೇಲೇರಿ ಹೊರಹೋದಂತೆ ತಂಪುಗಾಳಿ ಕೆಳಗಿನಿಂದ ಬರುತ್ತದೆ.

ಥರ್ಮೋಸ್ಟಾಟ್ ಇದ್ದಮಾತ್ರಕ್ಕೆ ಕಣ್ಣುಮುಚ್ಚಿ ಕೂರುವಂತಿಲ್ಲ. ಅದರ ಸೆನ್ಸರ್ ತಂತಿ ಜಾರಿ ತಂಪಿನ ಕಡೆ ಬಿದ್ದರೆ, ಗೂಡು ತಣ್ಣಗಿದೆ ಎಂದೇ ತಿಳಿದು ಅದು ಹೀಟರನ್ನು ಉರಿಸುತ್ತಲೇ ಇರುತ್ತದೆ. ಹಾಗಾಗಿ ಸೆನ್ಸರನ್ನು ಹಲ್ಲಿ ಮಲಗುವ ಕಲ್ಲಿನ ಬಳಿಯೇ ಕದಲದಂತೆ ಕ್ಲಿಪ್ಪಿನಿಂದ ಬಿಗಿದಿದ್ದೇನೆ. ಅಂಟುಟೇಪು ಬಳಸಲಿಲ್ಲ, ಸಡಿಲವಾದ ಟೇಪಿಗೆ ಹಲ್ಲಿಯ ಚರ್ಮ ಅಂಟಿದರೆ ಕಿತ್ತುಬರುತ್ತದೆ. ಥರ್ಮೋಸ್ಟಾಟಿಗೆ ಸಂಬಂಧವಿಲ್ಲದ ಬೇರೆ ಥರ್ಮಾಮೀಟರ್ ಎರಡೂ ತುದಿಗಳಲ್ಲಿ ಒಂದೊಂದಿದೆ.

ಇಷ್ಟಾದರೂ ಹಲ್ಲಿಯನ್ನು ಒಳಗೆ ಬಿಡಲಿಲ್ಲ. ಖಾಲಿ ಗೂಡನ್ನೇ ಹಗಲೂ ರಾತ್ರಿ ನಡೆಸಿ, ಹೊರಗೆ ಚಳಿ ಹೆಚ್ಚಾದ ದಿನವೂ ಕಡಿಮೆಯಾದ ದಿನವೂ ಬೇರೆ ಬೇರೆ ಕಡೆ ಅಳೆದು ಬರೆದಿಟ್ಟೆವು. ಬರೆದವಳು ಮಗಳು. ಮೊದಲ ಗೂಡಿಗೂ ಈ ಒಂದು ಕೆಲಸ ಮಾಡಿದ್ದರೆ ಆ ಜೀವ ನೋಯುತ್ತಿರಲಿಲ್ಲ.

ಪೊರೆ ಕಳಚಿದಂತೆಲ್ಲ ಕಲೆ ಮಾಸುತ್ತ ಬಂತು, ಪೂರ್ತಿ ಹೋಗಲಿಲ್ಲ. ಈಗ ಅದು ಸಂಜೆ ಎದ್ದು ಕಲ್ಲಿನ ಮೇಲೆ ಕೂರುತ್ತದೆ, ಸಾಕಾದಾಗ ತಂಪಿನ ಗುಹೆಗೆ ನಡೆಯುತ್ತದೆ. ಸಾಕಿದ ಪ್ರಾಣಿಗೆ ಬಿಸಿ ಕೊಡುವುದು ಸುಲಭ, ಪ್ಲಗ್ ಇದ್ದರೆ ಸಾಕು. ಬಿಸಿ ಬೇಡವೆನಿಸಿದಾಗ ಸರಿದು ಹೋಗುವ ದಾರಿಯನ್ನು ಅದರ ಕೈಗೆ ಕೊಡುವುದೇ ನಿಜವಾದ ಹೊಣೆ. ಗೂಡು ಕಟ್ಟುವವರು ಆ ದಾರಿಯನ್ನು ಮೊದಲು ಗುರುತು ಹಾಕಿಕೊಳ್ಳಿ. ಹೀಟರ್ ಎಲ್ಲಿರಬೇಕೆಂಬುದನ್ನು ಅದರ ಮೇಲೆ ನಿರ್ಧರಿಸಿ.