ಪೆಟ್ಟಿಗೆಯೊಳಗಣ ಹಾಸು

ನಮ್ಮ ಮನೆಗಳಲ್ಲಿ ಬೀರುವಿಗಾಗಲಿ ಮೇಜಿಗಾಗಲಿ ಒಂದು ಖಾನೆ ಇದ್ದ ಮೇಲೆ ಅದರ ತಳಕ್ಕೆ ಹಳೆಯ ಪತ್ರಿಕೆಯೊಂದನ್ನು ಹಾಸಲೇಬೇಕೆಂದು ಯಾವ ಧರ್ಮಶಾಸ್ತ್ರದಲ್ಲಿಯೂ ಬರೆದಿಲ್ಲ. ಆದರೂ ಆ ವಿಧಿಯನ್ನು ಮೀರಿದ ಗೃಹಿಣಿಯನ್ನು ನಾನು ಇದುವರೆಗೆ ಕಂಡಿಲ್ಲ. ವರ್ಷಕ್ಕೊಮ್ಮೆ ಗೌರಿ ಹಬ್ಬದ ಹಿಂದುಮುಂದು ಖಾನೆಗಳನ್ನೆಲ್ಲ ಬರಿದುಮಾಡಿ ಕಾಗದ ಬದಲಾಯಿಸುವ ದಿನ ನನಗೆ ಬಹು ಪ್ರಿಯವಾದುದು. ಹಳದಿಗಟ್ಟಿದ ಹಾಳೆಯ ಮೇಲೆ ಯಾರದೋ ವಿವಾಹದ ಪ್ರಕಟಣೆ, ಎಂದೋ ಮುಗಿದ ಚುನಾವಣೆಯ ಭವಿಷ್ಯ, ಖಾನೆಯ ಅಳತೆಗೆ ತಕ್ಕಂತೆ ಕತ್ತರಿಸಿದುದರಿಂದ ನಾಯಕಿ ಬಾಗಿಲು ತೆರೆಯುವಲ್ಲಿಗೇ ನಿಂತುಹೋದ ಧಾರಾವಾಹಿಯ ಒಂದು ಕಂತು. ಇವನ್ನು ನೆಲದ ಮೇಲೆ ಕುಳಿತು ಓದುವ ಸುಖ ಅಂದಂದಿನ ಪತ್ರಿಕೆಯಲ್ಲಿಲ್ಲ. ಮನೆಯಾಕೆಯ ಸಹನೆಗೂ ಮಿತಿಯಿರುವುದರಿಂದ ಆ ಸುಖ ದೀರ್ಘವಾದುದೂ ಅಲ್ಲ.

ಆದರೆ ಆ ಹಳದಿ ಬಣ್ಣವಿದೆಯಲ್ಲ, ಅದು ಒಳ್ಳೆಯ ಲಕ್ಷಣವಲ್ಲ. ಪತ್ರಿಕೆಯ ಕಾಗದವನ್ನು ಮರವನ್ನು ಅರೆದು ಮಾಡುವುದರಿಂದ, ಮರದ ನಾರುಗಳನ್ನು ಬೆಸೆಯುವ ಲಿಗ್ನಿನ್ ಎಂಬ ದ್ರವ್ಯವೂ ಅದರಲ್ಲಿ ಉಳಿದುಬಿಡುತ್ತದೆ. ಕಾಲ ಕಳೆದಂತೆ ಅದು ಬಣ್ಣಗೆಟ್ಟು ಆಮ್ಲವನ್ನು ಹುಟ್ಟಿಸುತ್ತದೆ. ಮೇಲಾಗಿ ಕಾಗದ ನೀರು ಕುಡಿಯುವುದರಲ್ಲಿ ಯಾರಿಗೂ ಸೋಲುವುದಲ್ಲ. ಸೀರೆಗೂ ಪಂಚೆಗೂ ಇದರಿಂದ ಹೇಳಿಕೊಳ್ಳುವಂಥ ಬಾಧೆಯಿಲ್ಲ. ಕಬ್ಬಿಣದ ಪಾಲಿಗೆ ಮಾತ್ರ ತೇವವೂ ಆಮ್ಲವೂ ಕೂಡಿದ ಈ ಹಾಸಿಗೆ ಮೃತ್ಯುಶಯ್ಯೆಯೇ ಸರಿ. ಕನ್ನಡ ಎಂ.ಎ. ಮಾಡಿ ಹಳಗನ್ನಡ ವ್ಯಾಕರಣ ಬೋಧಿಸುವವನಿಗೆ ಈ ಲೋಹವಿಚಾರ ಏಕೆ ಬಂತೆಂದು ವಾಚಕರು ಕೇಳಬಹುದು. ಅದಕ್ಕೆ ನನ್ನ ಮಾವನವರ ಹತಾರದ ಪೆಟ್ಟಿಗೆಯೇ ಕಾರಣ.

ಹೆಣ್ಣು ಕೊಟ್ಟ ಮಾವನವರು, ಬೆಂಗಳೂರಿನ ಜಾಲಹಳ್ಳಿಯಲ್ಲಿ, ೧೯೫೩ರಲ್ಲಿ ಸ್ಥಾಪಿತವಾದ ಎಚ್.ಎಂ.ಟಿ.ಯಲ್ಲಿ ಮೂವತ್ತನಾಲ್ಕು ವರ್ಷ ಫಿಟ್ಟರ್ ಆಗಿದ್ದವರು. ಪೆಟ್ಟಿಗೆ ತೇಗದ್ದು, ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಪರಿಚಯದ ಬಡಗಿಯೊಬ್ಬನಿಂದ ಮಾಡಿಸಿದುದು. ಐದು ಖಾನೆಗಳು. ಪ್ರತಿಯೊಂದರ ತಳಕ್ಕೂ ಹಸಿರು ಬನಾತನ್ನು ಮರವಜ್ರದಿಂದ ಅಂಟಿಸಿತ್ತು. ಮೇಲಿನ ಖಾನೆಯಲ್ಲಿ ಮೈಕ್ರೋಮೀಟರು, ವರ್ನಿಯರು, ಕ್ಯಾಲಿಪರುಗಳು. ಅದರ ಕೆಳಗೆ ಮೂಲೆಮಟ್ಟ, ಗೆರೆ ಹಾಕುವ ಉಕ್ಕಿನ ಕಡ್ಡಿಗಳು. ಇನ್ನೂ ಕೆಳಗೆ ಅರಗಳು, ಸ್ಪ್ಯಾನರುಗಳು, ಸುತ್ತಿಗೆಗಳು. ಮೈಕ್ರೋಮೀಟರು ಮಿಲಿಮೀಟರಿನ ನೂರನೆಯ ಒಂದು ಪಾಲನ್ನು ಅಳೆಯುವ ಉಪಕರಣ. ನಮ್ಮ ತಲೆಗೂದಲಿನ ದಪ್ಪ ಅದರ ಐದರಿಂದ ಹತ್ತು ಪಟ್ಟು ಇರುತ್ತದೆಂದರೆ ಅದರ ಸೂಕ್ಷ್ಮತೆ ಎಷ್ಟೆಂಬುದು ತಿಳಿದೀತು. ಎರಡು ವರ್ಷದ ಹಿಂದೆ ಪಾರ್ಶ್ವವಾಯು ತಗುಲಿದ ಮೇಲೆ ಮಾವನವರ ಬಲಗೈ ನಡುಗತೊಡಗಿತು. ಕೆಲಸ ನಿಂತಿತು, ಪರಿಪಾಠ ನಿಲ್ಲಲಿಲ್ಲ. ಪ್ರತಿ ಸಂಜೆ ದೇವರ ದೀಪ ಹಚ್ಚಿದ ಮೇಲೆ ಪೆಟ್ಟಿಗೆ ತೆರೆಯುವರು. ಎಣ್ಣೆಯ ಬಟ್ಟೆಯಿಂದ ಒಂದೊಂದನ್ನೇ ಒರೆಸಿ, ದೀಪಕ್ಕೆ ಹಿಡಿದು ನೋಡಿ, ಸ್ವಸ್ಥಾನದಲ್ಲಿ ಇಡುವರು. ಇದಕ್ಕೆ ಮುಕ್ಕಾಲು ಗಂಟೆ.

ಕಳೆದ ವರ್ಷ ಅವರೂ ಅತ್ತೆಯವರೂ ನಮ್ಮೊಡನೆ ಇರಲು ಉಡುಪಿಗೆ ಬಂದರು. ಪೆಟ್ಟಿಗೆಯೂ ಬಂತು. ಬೆಂಗಳೂರು ಸಮುದ್ರದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿರುವ ಊರು. ವರ್ಷವಿಡೀ ಸುರಿದರೂ ಅಲ್ಲಿಯ ಮಳೆ ಒಂದು ಮೀಟರಿನಷ್ಟಾಗುತ್ತದೆ. ಉಡುಪಿಯ ಮಳೆ ಅದರ ನಾಲ್ಕು ಪಟ್ಟು. ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಜೊತೆಗೆ ಕಡಲಿನ ಉಪ್ಪು ಗಾಳಿ. ಆಷಾಢದಲ್ಲಿ ಇಲ್ಲಿಯ ಗೋಡೆ ಬೆವರುತ್ತದೆ, ಬೆಂಕಿಪೆಟ್ಟಿಗೆ ಮುನಿಯುತ್ತದೆ, ಪುಸ್ತಕದ ರಟ್ಟಿಗೆ ಬೂದಿಯಂಥ ಬೂಷ್ಟು ಹಿಡಿಯುತ್ತದೆ. ಅಂಥದೊಂದು ಸಂಜೆ ಮಾವನವರು ಎರಡನೆಯ ಖಾನೆಯಿಂದ ಮೂಲೆಮಟ್ಟವನ್ನು ಎತ್ತಿದರು. ಬನಾತಿಗೆ ತಾಗಿಕೊಂಡಿದ್ದ ಮಗ್ಗುಲಿನಲ್ಲಿ ಉದ್ದಕ್ಕೂ ಕೆಂಪು ತುಕ್ಕು. ಅವರು ಏನನ್ನೂ ಹೇಳಲಿಲ್ಲ. ಒರೆಸಲೂ ಇಲ್ಲ. ಇಟ್ಟು, ಮುಚ್ಚಳ ಹಾಕಿ ಎದ್ದುಹೋದರು.

ಮರುದಿನ ಪೆಟ್ಟಿಗೆ ತೆರೆಯಲಿಲ್ಲ. ಅದರ ಮರುದಿನವೂ ಇಲ್ಲ. “ತಾತ ಯಾಕಮ್ಮ ಪೆಟ್ಟಿಗೆ ತೆಗೆಯಲ್ಲ?” ಎಂದು ನನ್ನ ಏಳು ವರ್ಷದ ಮಗಳು ಕೇಳುವವರೆಗೆ ಮನೆಯಲ್ಲಿ ಯಾರೂ ಆ ಮಾತೆತ್ತಿರಲಿಲ್ಲ. ಒಂಬತ್ತನೆಯ ದಿನ ಮಾವನವರೇ ನನ್ನನ್ನು ಕರೆದು, “ಅಳಿಯಂದಿರೇ, ಇದನ್ನು ಇನ್ನು ಇಟ್ಟುಕೊಂಡು ಏನು ಪ್ರಯೋಜನ? ಕೆಲಸ ಬಲ್ಲವರು ಯಾರಾದರೂ ಸಿಕ್ಕಿದರೆ ಕೊಟ್ಟುಬಿಡಿ. ಸಿಕ್ಕದಿದ್ದರೆ ಗುಜರಿಯವನಿದ್ದಾನಲ್ಲ” ಎಂದರು. ನನ್ನಾಕೆ ತಟ್ಟನೆ ಒಳಕ್ಕೆ ಹೋದಳು. ಆ ಮಾತನ್ನು ಅವರು ಪೆಟ್ಟಿಗೆಯೊಂದನ್ನೇ ಕುರಿತು ಆಡಿದರೆಂದು ನಂಬುವುದು ನನ್ನಿಂದಲೂ ಆಗಲಿಲ್ಲ.

ಬನಾತೇನು ಕೆಟ್ಟ ವಸ್ತುವೆ? ಅಲ್ಲ. ಅಮೆರಿಕದ ಓಹಾಯೋ ಸಂಸ್ಥಾನದ ಡೇಟನ್ ನಗರದಲ್ಲಿ ೧೯೦೬ರಲ್ಲಿ ಆರಂಭವಾದ ಗರ್ಸ್ಟ್‌ನರ್ ಎಂಬ ಸಂಸ್ಥೆಯ ಮರದ ಹತಾರಪೆಟ್ಟಿಗೆಗಳು ಪ್ರಸಿದ್ಧವಾದವು. ಅವುಗಳ ಖಾನೆಗಳಿಗೂ ಒತ್ತುಬಟ್ಟೆಯ ಹಾಸೇ. ಅದು ಮೃದು, ಉಕ್ಕಿಗೆ ಗೀರು ಬೀಳಿಸದು, ಸ್ವಲ್ಪ ಎಣ್ಣೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಉಣ್ಣೆಗೆ ಒಂದು ವಿಚಿತ್ರ ಗುಣವಿದೆ: ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ನೀರನ್ನು ಕುಡಿದರೂ ಮುಟ್ಟಿದವರಿಗೆ ಒದ್ದೆ ಎನಿಸುವುದಿಲ್ಲ. ಬೆಂಗಳೂರಿನಲ್ಲಿ ಅದು ರಾತ್ರಿ ಕುಡಿದುದನ್ನು ಹಗಲು ಗಾಳಿಗೆ ಹಿಂದಿರುಗಿಸುತ್ತಿತ್ತು, ಲೆಕ್ಕ ಸರಿಹೋಗುತ್ತಿತ್ತು. ಇಲ್ಲಿ ಜೂನ್ ತಿಂಗಳಲ್ಲಿ ಪಡೆದ ಸಾಲ ಅಕ್ಟೋಬರಿನವರೆಗೂ ತೀರುವಂತಿಲ್ಲ. ಗಾಳಿಯ ತೇವ ಶೇಕಡಾ ೬೦ರ ಆಸುಪಾಸನ್ನು ದಾಟಿದರೆ ಉಕ್ಕಿಗೆ ತುಕ್ಕು ಬೇಗ ಹಿಡಿಯುತ್ತದೆ. ಮಳೆಗಾಲದ ಉಡುಪಿಯಲ್ಲಿ ಅದು ೯೦ರ ಬಳಿ ಸುಳಿದಾಡುತ್ತಿರುತ್ತದೆ. ಇನ್ನು ಮರವಜ್ರವೋ, ಪ್ರಾಣಿಗಳ ಚರ್ಮ ಮೂಳೆಗಳನ್ನು ಬೇಯಿಸಿ ಮಾಡಿದ ಅಂಟು. ಅದೂ ತೇವವನ್ನು ಸೆಳೆಯುತ್ತದೆ. ಬೂಷ್ಟಿಗೆ ಅದೊಂದು ಮೃಷ್ಟಾನ್ನ.

ಇಲ್ಲಿಗೆ ಬಹಳ ದೂರವಿಲ್ಲದ ಕೊಡಚಾದ್ರಿಯ ಮೇಲೆ, ಮೂಲ ಮೂಕಾಂಬಿಕೆಯ ಗುಡಿಯ ಮುಂದೆ, ಒಂದು ಕಬ್ಬಿಣದ ಕಂಬವಿದೆ. ದೆಹಲಿಯ ಸ್ತಂಭವನ್ನು ಹೊಗಳುವವರು ಇದನ್ನು ಮರೆಯುತ್ತಾರೆ. ಮಲೆನಾಡಿನ ಅಷ್ಟೂ ಮಳೆಯನ್ನು ಬಯಲಿನಲ್ಲಿ ನಿಂತು ಸಹಿಸಿ ಅದು ಗಟ್ಟಿಯಾಗಿದೆ. ಆ ಕಬ್ಬಿಣದ ಗುಣವೂ ಬೇರೆ, ಸರಿ. ಆದರೆ ಅದರ ಮೇಲೆ ಬಿದ್ದ ನೀರು ಇಳಿದುಹೋಗುತ್ತದೆ, ಗಾಳಿ ಬೀಸಿದಾಗ ಮೈ ಒಣಗುತ್ತದೆ ಎಂಬುದನ್ನೂ ಎಣಿಸಬೇಕು. ಖಾನೆಯ ಕತ್ತಲೆಯಲ್ಲಿ, ಕುಡಿದ ಬಟ್ಟೆಯ ಮೇಲೆ, ಮಗ್ಗುಲು ಬದಲಾಯಿಸದೆ ಮಲಗಿದ ಮೂಲೆಮಟ್ಟಕ್ಕೆ ಆ ಭಾಗ್ಯವಿಲ್ಲ.

ಹಾಗಾದರೆ ಏನನ್ನು ಹಾಸಬೇಕು? ವಿಚಾರಿಸಿದರೆ ಪ್ರತಿಯೊಬ್ಬರೂ ಪಂಡಿತರೇ. ಬಡಗಿ ರೆಕ್ಸಿನ್ ಎಂದ. ಹಾರ್ಡ್‌ವೇರ್ ಅಂಗಡಿಯವರು ಸ್ಪಂಜು ಎಂದರು. ನನ್ನಾಕೆ ಅಡುಗೆಮನೆಯ ಶೆಲ್ಫಿಗೆ ಹಾಸುವ, ಬಲೆಯಂಥ ಜಾರದ ಮ್ಯಾಟನ್ನು ಸೂಚಿಸಿದಳು. ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಮಿತ್ರರೊಬ್ಬರು ಮಾತ್ರ ಯಾವುದನ್ನೂ ಹೇಳದೆ, “ಪರೀಕ್ಷೆ ಮಾಡಿ ನೋಡಿ” ಎಂದರು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ೧೯೭೩ರಲ್ಲಿ ಆಂಡ್ರ್ಯೂ ಆಡಿ ಎಂಬ ವಿಜ್ಞಾನಿ ರೂಪಿಸಿದ ಒಂದು ಪರೀಕ್ಷೆಯಿದೆಯಂತೆ. ಪ್ರದರ್ಶನದ ಕಪಾಟಿನಲ್ಲಿ ಬಳಸಬೇಕೆಂದಿರುವ ಬಟ್ಟೆಯನ್ನೋ ಬಣ್ಣವನ್ನೋ, ಬೆಳ್ಳಿ ತಾಮ್ರ ಸೀಸಗಳ ತುಣುಕುಗಳೊಡನೆ, ಸ್ವಲ್ಪ ನೀರಿನ ಸಹಿತ ಗಾಜಿನ ಪಾತ್ರೆಯಲ್ಲಿ ಬಿಗಿದು, ೬೦ ಡಿಗ್ರಿ ಶಾಖದಲ್ಲಿ ೨೮ ದಿನ ಇಡುತ್ತಾರೆ. ಲೋಹ ಕೆಟ್ಟರೆ ಆ ವಸ್ತುವಿಗೆ ಪ್ರವೇಶವಿಲ್ಲ. ಎರಡು ಸಾವಿರ ವರ್ಷದ ನಾಣ್ಯಕ್ಕೆ ತೋರಿಸುವ ಈ ಎಚ್ಚರಿಕೆಯನ್ನು ನಲವತ್ತು ವರ್ಷದ ಮೂಲೆಮಟ್ಟಕ್ಕೂ ತೋರಿಸಿದರೆ ತಪ್ಪಿಲ್ಲವೆಂದು ನನಗೆ ತೋರಿತು.

ಮನೆಯಲ್ಲಿ ಅಂಥ ಶಾಖದ ಪೆಟ್ಟಿಗೆಯಿಲ್ಲ. ಶ್ರಾವಣ ಮಾಸದ ತೇವವಂತೂ ಧಾರಾಳವಾಗಿತ್ತು. ಅತ್ತೆಯವರಿಂದ ಎಂಟು ಗಾಜಿನ ಬಾಟಲಿಗಳನ್ನು ಸಂಪಾದಿಸಿದೆ. ಉಪ್ಪುಕಾಗದದಿಂದ ಉಜ್ಜಿ ಬೆಳ್ಳಗೆ ಮಾಡಿದ ಮೊಳೆಗಳನ್ನು, ಒಂದೊಂದು ಬಗೆಯ ಹಾಸಿನ ತುಣುಕಿನ ಮೇಲೆ ಮಲಗಿಸಿ, ಒದ್ದೆ ಹತ್ತಿಯನ್ನು ಬೇರೊಂದು ಚಿಕ್ಕ ಮುಚ್ಚಳದಲ್ಲಿಟ್ಟು, ಬಾಟಲಿಗಳ ಬಾಯಿ ಬಿಗಿದೆ. ಏನನ್ನೂ ಹಾಸದ ಬಾಟಲಿಯೂ ಒಂದಿರಬೇಕೆಂದು ಮಿತ್ರರ ಆಜ್ಞೆ. ಇಲ್ಲವಾದರೆ ದೋಷ ಹಾಸಿನದೋ ಹವೆಯದೋ ತಿಳಿಯುವುದು ಹೇಗೆ? ಈ ಸಾಲು ಬಾಟಲಿಗಳನ್ನು ಕಂಡ ನೆರೆಮನೆಯಾಕೆ ನಾನು ಆಯುರ್ವೇದ ಆರಂಭಿಸಿದೆನೆಂದು ತಿಳಿದರು. ಮಾವನವರು ಮೊದಲ ದಿನ ದೂರದಿಂದ ನೋಡಿದರು. ಮೂರನೆಯ ದಿನ ಕನ್ನಡಕ ಹಾಕಿಕೊಂಡು ಬಂದರು. ವಾರದೊಳಗೆ ಪ್ರತಿ ಬೆಳಿಗ್ಗೆ ಕಾಫಿ ಕುಡಿಯುವ ಮೊದಲು ಬಾಟಲಿಗಳ ತಪಾಸಣೆ ನಡೆಯತೊಡಗಿತು.

ಪತ್ರಿಕೆಯ ಕಾಗದದ ಮೇಲಿನ ಮೊಳೆಗೆ ನಾಲ್ಕೇ ದಿನಗಳಲ್ಲಿ ಕಂದು ಗೆರೆ ಮೂಡಿತು. ಸ್ಪಂಜಿನದೂ ಅದೇ ಗತಿ. ಸ್ಪಂಜಿಗೆ ಇನ್ನೂ ಒಂದು ದೋಷವಿದೆ. ತೇವದ ಹವೆಯಲ್ಲಿ ಕೆಲವು ವರ್ಷಗಳಲ್ಲಿ ತಾನೇ ಕರಗಿ ಅಂಟಂಟಾದ ಪುಡಿಯಾಗುತ್ತದೆ. ಹಳೆಯ ಕ್ಯಾಮೆರಾದ ಚೀಲವನ್ನು ತೆರೆದು ನೋಡಿದವರು ಇದನ್ನು ಬಲ್ಲರು. ಬನಾತಿನ ಮೊಳೆ ನಿಧಾನವಾಗಿ, ಆದರೆ ತಾಗಿದಷ್ಟು ಉದ್ದಕ್ಕೂ ಕೆಟ್ಟಿತು. ರೆಕ್ಸಿನ್ ನೀರು ಕುಡಿಯದು, ಆದರೆ ಪಿ.ವಿ.ಸಿ.ಯನ್ನು ಮೃದುಗೊಳಿಸಲು ಬೆರೆಸುವ ಎಣ್ಣೆಯಂಥ ದ್ರವ್ಯ ಕಾಲಕ್ರಮದಲ್ಲಿ ಹೊರಕ್ಕೆ ಒಸರಿ, ಸ್ಕ್ರೂಡ್ರೈವರುಗಳ ಪ್ಲಾಸ್ಟಿಕ್ ಹಿಡಿಗಳನ್ನು ಹಿಡಿದುಕೊಂಡುಬಿಡುತ್ತದೆ. ಶೆಲ್ಫಿನ ಬಲೆಯ ಮ್ಯಾಟೂ ಬಹುಮಟ್ಟಿಗೆ ಅದೇ ಜಾತಿ. ಬೆಂಡಿನ ಹಾಳೆ, ಎಂದರೆ ಕಾರ್ಕು, ಸಾಕಷ್ಟು ಮರ್ಯಾದೆಯಿಂದ ನಡೆದುಕೊಂಡಿತು. ಭಾರವಾದ ಸುತ್ತಿಗೆಯನ್ನು ಎಳೆದು ಹಾಕಿದರೆ ಅಂಚು ಉದುರುತ್ತದೆ, ಅಷ್ಟೆ.

ಉಳಿದವು ಎರಡು ರಬ್ಬರುಗಳು. ಮೊಳೆಯ ವಿಷಯದಲ್ಲಿ ಎರಡೂ ಸಮ. ಬರಿಯ ಬಾಟಲಿಯಲ್ಲಿದ್ದ ಮೊಳೆಗಿಂತ ಹೆಚ್ಚಾಗಿ ಕೆಡಲಿಲ್ಲ. ಇಲ್ಲಿ ಮಾವನವರು ಮೊದಲ ಬಾರಿಗೆ ಬಾಯಿ ತೆರೆದರು: “ಎಣ್ಣೆಯಲ್ಲಿ ನೆನೆಹಾಕಿ ನೋಡಿ. ಕೆಲಸದ ಹತಾರ ಎಣ್ಣೆಯಿಲ್ಲದೆ ಇರೋದಿಲ್ಲ.” ಹಾಗೆಯೇ ಮಾಡಿದೆವು. ವಾರ ಕಳೆಯುವಷ್ಟರಲ್ಲಿ ಮರದ ಹಾಲಿನಿಂದಾದ ಸಹಜ ರಬ್ಬರು ಊದಿಕೊಂಡು ಮೆತ್ತಗಾಯಿತು. ನೈಟ್ರೈಲ್ ರಬ್ಬರು ಇದ್ದಂತೆಯೇ ಇತ್ತು. ಯಂತ್ರಗಳ ಗ್ಯಾಸ್ಕೆಟ್ಟಿಗೂ ಎಣ್ಣೆಯ ಕೊಳವೆಗೂ ಬಳಸುವುದು ಅದನ್ನೇ ಎಂಬುದು ಮಾವನವರಿಗೆ ಮೊದಲೇ ಗೊತ್ತಿತ್ತು. “ಮೊದಲೇ ಹೇಳಬಹುದಾಗಿತ್ತಲ್ಲ?” ಎಂದೆ. “ನೀವು ಬಾಟಲಿ ಜೋಡಿಸೋ ಸಂಭ್ರಮ ನೋಡ್ತಾ ಇದ್ದೆ” ಎಂದರು.

ಮೂರು ಮಿಲಿಮೀಟರ್ ದಪ್ಪದ ನೈಟ್ರೈಲ್ ಹಾಳೆಯನ್ನು ತಂದು, ಸುರುಳಿಯ ವಕ್ರತೆ ಹೋಗಲೆಂದು ಎರಡು ದಿನ ನಿಘಂಟುಗಳ ಭಾರದ ಕೆಳಗೆ ಇಟ್ಟೆ. ನಿಘಂಟಿನ ಸಂಪುಟಗಳು ಇಷ್ಟು ನೇರವಾಗಿ ಉಪಯೋಗಕ್ಕೆ ಬಂದುದು ನನ್ನ ವೃತ್ತಿಜೀವನದಲ್ಲಿ ಅದೇ ಮೊದಲು. ಹಳೆಯ ಬನಾತು ಬಿಸಿನೀರಿನ ಬಟ್ಟೆಗೆ ಸುಲಭವಾಗಿ ಎದ್ದುಬಂತು. ಖಾನೆಗಳನ್ನು ಗಾಳಿಗಿಟ್ಟು ಚೆನ್ನಾಗಿ ಒಣಗಿಸಿದೆವು. ಅಲಗಿಗೆ ಸೋಪಿನ ನೀರು ಸವರಿ ಕತ್ತರಿಸಿದರೆ ರಬ್ಬರು ಬೆಣ್ಣೆಯಂತೆ ಸೀಳುತ್ತದೆ. ಇದೂ ಮಾವನವರು ಹೇಳಿಕೊಟ್ಟದ್ದೇ. ಖಾನೆಯ ಅಳತೆಗಿಂತ ಒಂದೆರಡು ಮಿಲಿಮೀಟರು ಕಡಿಮೆಯಿಟ್ಟು ಕತ್ತರಿಸಿ, ಅಂಟಿಸದೆ ಸುಮ್ಮನೆ ಹಾಸಿದೆವು. ಅಂಟಿಸಬಾರದು. ಬಡಗಿಗಳ ಬಿಳಿಯ ಅಂಟಿನಿಂದ ವಿನಿಗರಿನ ಜಾತಿಯ ಆವಿ ಹೊರಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಾಸನ್ನು ಆಗಾಗ ಎತ್ತಿ ಕೆಳಗೇನಾಗಿದೆಯೆಂದು ನೋಡಲು ಬರಬೇಕು. ರಬ್ಬರು ನೀರು ಕುಡಿಯುವುದಿಲ್ಲವೆಂದರೆ ನೀರನ್ನು ಬಿಡುವುದೂ ಇಲ್ಲವೆಂದೇ ಅರ್ಥ. ಒದ್ದೆ ಹತಾರವನ್ನು ಅದರ ಮೇಲಿಟ್ಟರೆ ತೇವ ನಡುವೆ ಸಿಕ್ಕಿಕೊಳ್ಳುತ್ತದೆ. ಆದುದರಿಂದ ಎಣ್ಣೆಯ ಬಟ್ಟೆಗೆ ನಿವೃತ್ತಿಯಿಲ್ಲ.

ಮೇಲಿನ ಖಾನೆಯ ಮಾತು ಬೇರೆ. ಮೈಕ್ರೋಮೀಟರಿಗೆ ಜಾರದಿದ್ದರೆ ಸಾಲದು, ಅಲುಗಾಡಲೂಬಾರದು. ಅಲ್ಲಿಗೆ ಪಾಲಿಥೀನಿನ ಒತ್ತಾದ ನೊರೆಹಾಳೆ. ಅದರ ಒಳಗಿನ ಗುಳ್ಳೆಗಳು ಒಂದಕ್ಕೊಂದು ಬಾಯಿ ತೆರೆಯದೆ ಮುಚ್ಚಿಕೊಂಡಿರುವುದರಿಂದ ನೀರು ಒಳಗೆ ಇಳಿಯುವುದಿಲ್ಲ. ವಸ್ತುಸಂಗ್ರಹಾಲಯದವರೂ ಇದನ್ನು ಮೆಚ್ಚುತ್ತಾರೆ. ಒಂದೊಂದು ಉಪಕರಣವನ್ನೂ ಹಾಳೆಯ ಮೇಲಿಟ್ಟು, ಸುತ್ತ ಗೆರೆಯೆಳೆದು, ಅದರದೇ ಆಕಾರದ ಕುಳಿ ಕೊರೆಯಬೇಕು. ಯಾವುದು ಎಲ್ಲಿ ಮಲಗಬೇಕೆಂಬುದನ್ನು ಮಾವನವರು ನಿರ್ಧರಿಸಿದರು. ಎಡಗೈಯಿಂದ ಮೈಕ್ರೋಮೀಟರನ್ನು ಒತ್ತಿ ಹಿಡಿದರು, ಮಗಳು ಪೆನ್ಸಿಲಿನಿಂದ ಸುತ್ತ ಗೆರೆ ಎಳೆದಳು, ನಾನು ಕೊರೆದೆ. “ಮರಿ, ಕೈ ಬಿಗಿ ಹಿಡೀಬೇಡ, ಗೆರೆ ತಾನೇ ಹೋಗತ್ತೆ” ಎಂದು ಅವರು ಅವಳಿಗೆ ಹೇಳುತ್ತಿದ್ದರು. ಬಲಗೈ ಮಡಿಲಲ್ಲಿತ್ತು. ಬೂಟಿನ ಡಬ್ಬಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಮೂಲೆಗೆ ಎರಡೆರಡು ಇಟ್ಟೆವು. ಮೂಲೆಮಟ್ಟದ ತುಕ್ಕನ್ನು ಮಾವನವರೇ ಸೀಮೆಎಣ್ಣೆ ಹಾಕಿ, ಮೂರು ಸಂಜೆ ಕುಳಿತು, ಮೆಲ್ಲಗೆ ತೆಗೆದರು. ಅಲಗಿನ ಮೇಲೆ ಒಂದು ಮಾಸಲು ಕಲೆ ಉಳಿದಿದೆ. ಗುಜರಿಯವನ ಮಾತು ಮತ್ತೆ ಬರಲಿಲ್ಲ.

ಆಯುಧಪೂಜೆಗೆ ಮಾತ್ರ ಒಂದು ಸಣ್ಣ ವಿವಾದವಾಯಿತು. ಅತ್ತೆಯವರು ಪದ್ಧತಿಯಂತೆ ಪ್ರತಿಯೊಂದು ಹತಾರಕ್ಕೂ ಗಂಧ ಕುಂಕುಮ ಹಚ್ಚಬೇಕೆಂದರು. ತೇದ ಗಂಧವೆಂದರೆ ಒದ್ದೆಯೇ; ಕುಂಕುಮದಲ್ಲಿ ನಿಂಬೆರಸವೂ ಇರಬಹುದು. ಮಾವನವರು ಬಹಳ ಹೊತ್ತು ಯೋಚಿಸಿ, ಪೆಟ್ಟಿಗೆಯ ಮುಚ್ಚಳಕ್ಕೆ ಹಚ್ಚಬಹುದೆಂದು ತೀರ್ಪಿತ್ತರು. ಅತ್ತೆಯವರು ಒಪ್ಪಿದರು, ಪ್ರತಿಯಾಗಿ, ಉಳಿದಿದ್ದ ನೈಟ್ರೈಲ್ ತುಂಡನ್ನು ತಮ್ಮ ಗ್ರೈಂಡರಿನ ಕೆಳಗೆ ಹಾಸಿಸಿಕೊಂಡರು. ದೋಸೆಹಿಟ್ಟು ರುಬ್ಬುವಾಗ ಅದು ಈಗ ಅಡುಗೆಕಟ್ಟೆಯ ಅಂಚಿಗೆ ಸರಿಯುವುದಿಲ್ಲ.