ಐದು ದಳದ ದಾಸವಾಳ

ಹತ್ತನೆಯ ತರಗತಿಯನ್ನು ಕನ್ನಡ ಮಾಧ್ಯಮದಲ್ಲಿ ಉತ್ತಮ ದರ್ಜೆಯಲ್ಲಿ ಮುಗಿಸಿ, ಪದವಿಪೂರ್ವ ಕಾಲೇಜಿನ ವಿಜ್ಞಾನ ವಿಭಾಗವನ್ನು ಬಂದು ಸೇರುವ ಹಳ್ಳಿಯ ವಿದ್ಯಾರ್ಥಿಯ ಮೊದಲ ಮೂರು ತಿಂಗಳುಗಳು ಹೇಗೆ ಕಳೆಯುತ್ತವೆಂಬುದನ್ನು ವಿದ್ಯಾರ್ಥಿನಿಲಯಗಳ ಮೇಲ್ವಿಚಾರಕರು ಚೆನ್ನಾಗಿ ಬಲ್ಲರು. ಗಣಿತವೂ ಭೌತಶಾಸ್ತ್ರವೂ ಕಠಿನವೆಂದು ಅವನು ಮೊದಲೇ ಕೇಳಿ ಬಂದಿರುತ್ತಾನೆ. ಅಲ್ಲಿ ಎಡವಿದರೆ ಅವನಿಗೆ ಆಶ್ಚರ್ಯವಿಲ್ಲ. ಜೀವಶಾಸ್ತ್ರವಾದರೋ ಓದಿದರೆ ಬರುವ ವಿಷಯ, ಬಾಯಿಪಾಠ ಮಾಡಿದರೆ ಗೆದ್ದಂತೆ ಎಂಬ ಧೈರ್ಯದಿಂದ ಬಂದಿರುತ್ತಾನೆ. ಪೆಟ್ಟು ಬೀಳುವುದು ಅಲ್ಲಿಯೇ.

ಅಂಥವರಲ್ಲೊಬ್ಬ ಹುಡುಗನನ್ನು ಇಲ್ಲಿ ನೆನೆಯಬಹುದು. ಅವನ ಹೆಸರೂ ಊರೂ ಅಪ್ರಸ್ತುತ. ಮಳೆಯನ್ನೇ ನಂಬಿದ ಜೋಳದ ಹೊಲ, ಅಕ್ಷರ ಬಾರದ ತಂದೆ, ಮಗ ವೈದ್ಯನಾಗಿ ಊರಿಗೆ ಮರಳಬೇಕೆಂಬ ತಾಯಿಯ ಆಸೆ, ಇವಿಷ್ಟು ಅವನ ಹಿನ್ನೆಲೆ. ಸ್ಮರಣಶಕ್ತಿ ಮಾತ್ರ ಅಸಾಧಾರಣವಾದದ್ದು. ಪ್ರೌಢಶಾಲೆಯಲ್ಲಿ ಪಾಠವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ತಡವರಿಸದೆ ಒಪ್ಪಿಸಿ ಬಹುಮಾನ ಪಡೆದವನು. ಕಾಲೇಜಿನ ಮೊದಲ ಕಿರುಪರೀಕ್ಷೆಯಲ್ಲಿ ಅವನು ಜೀವಶಾಸ್ತ್ರದಲ್ಲಿಯೇ ಅನುತ್ತೀರ್ಣನಾದ. ಮೈಟೋಕಾಂಡ್ರಿಯ ಎಂದರೇನು ಎಂದು ಪ್ರಶ್ನೆ ಇರಲಿಲ್ಲ. ಸ್ನಾಯುವಿನ ಜೀವಕೋಶಗಳಲ್ಲಿ ಅವು ಏಕೆ ಹೆಚ್ಚಾಗಿರುತ್ತವೆ ಎಂದಿತ್ತು. ಹುಡುಗ ಮೈಟೋಕಾಂಡ್ರಿಯದ ಲಕ್ಷಣಗಳನ್ನು ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಪುಟ ತುಂಬ ಬರೆದಿದ್ದ. ಕೇಳಿದ್ದಕ್ಕೆ ಉತ್ತರ ಆ ಪುಟದಲ್ಲಿ ಎಲ್ಲಿಯೂ ಇರಲಿಲ್ಲ. ಕಲಾ ವಿಭಾಗಕ್ಕೆ ವರ್ಗಾಯಿಸಬೇಕೆಂದು ಪ್ರಾಚಾರ್ಯರಿಗೆ ಅರ್ಜಿ ಬರೆದು, ಕೊಡಲು ಧೈರ್ಯ ಸಾಲದೆ, ಅದನ್ನು ಮಡಿಸಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಕೆಲವು ದಿನ ತಿರುಗಿದ. ಕಲಾ ವಿಭಾಗ ಕೀಳೆಂದಲ್ಲ. ಆದರೆ ಒಲಿದು ಸೇರುವುದು ಬೇರೆ, ಸೋತು ಸೇರುವುದು ಬೇರೆ.

ಆ ವಾರದ ಪ್ರಯೋಗತರಗತಿಯಲ್ಲಿ ದಾಸವಾಳದ ಹೂವನ್ನು ಬಿಡಿಸಿ ನೋಡಿ ಚಿತ್ರ ಬರೆಯುವ ಕೆಲಸವಿತ್ತು. ವಿದ್ಯಾರ್ಥಿಗಳೇ ಹೂ ತರಬೇಕು. ಹುಡುಗ ನಿಲಯದ ಅಂಗಳದ ಗಿಡದಿಂದ ಒಂದನ್ನು ಕಿತ್ತು ತಂದಿದ್ದ. ಅದು ಹಲವು ಸುತ್ತಿನ, ತುಂಬು ದಳಗಳ ದಾಸವಾಳ. ಅವನು ಹೂವನ್ನು ಮೇಜಿನ ಮೇಲಿಟ್ಟು, ತಲೆ ಬಗ್ಗಿಸಿ, ಅಂದವಾದ ಚಿತ್ರವನ್ನು ಬರೆದ: ಐದು ದಳ, ನಡುವೆ ಕೊಳವೆಯಾಗಿ ಕೂಡಿಕೊಂಡ ಕೇಸರಗಳು, ತುದಿಯಲ್ಲಿ ಐದಾಗಿ ಸೀಳಿದ ಶಲಾಕಾಗ್ರ. ಉಪನ್ಯಾಸಕರು ಬಂದು ಚಿತ್ರವನ್ನೂ ಹೂವನ್ನೂ ನೋಡಿದರು.

“ತಮ್ಮಾ, ಈ ಐದು ದಳ ಎಲ್ಲಿ ಎಣಿಸಿದಿ?”

“ಪುಸ್ತಕದಾಗ ಐದು ಅದಾವ್ರೀ, ಸರ್.”

“ಕೈಯಾಗಿನ ಹೂವಿನಾಗ ಎಷ್ಟು ಅದಾವ?”

ಹುಡುಗ ಆಗ ಮೊದಲ ಬಾರಿಗೆ ಹೂವನ್ನು ನೋಡಿದ. ಎಣಿಸತೊಡಗಿದ; ಇಪ್ಪತ್ತು ದಾಟಿದ ಮೇಲೆ ನಿಲ್ಲಿಸಿದ. ಉಪನ್ಯಾಸಕರು ಗದರಿಸಲಿಲ್ಲ. ಒಳಸುತ್ತಿನ ಒಂದು ಸಣ್ಣ ದಳವನ್ನು ಚಿಮುಟದಿಂದ ಕಿತ್ತು ಅಂಗೈ ಮೇಲಿಟ್ಟು ತೋರಿಸಿದರು. ಅದರ ಅಂಚಿನಲ್ಲಿ ಪರಾಗಕೋಶವೊಂದು ಇನ್ನೂ ಅಂಟಿಕೊಂಡಿತ್ತು. ಕೇಸರವಾಗಬೇಕಾದದ್ದು ದಳವಾಗಿತ್ತು, ಪೂರ್ತಿ ಆಗಿರಲಿಲ್ಲ. ಪುಸ್ತಕದ ಹೂವಿನಲ್ಲಿ ಕಾಣದ ಸಂಗತಿಯೊಂದು ಆ ಕೈಯೊಳಗಿನ ಹೂವಿನಲ್ಲಿತ್ತು, ಮತ್ತು ಅದನ್ನು ಅವನು ಐದು ದಳದ ಕೆಳಗೆ ಮುಚ್ಚಿಬಿಟ್ಟಿದ್ದ.

ಇದನ್ನು ಎಳೆಯನ ಅಪರಾಧವೆಂದು ನಗುವಂತಿಲ್ಲ. ವಿಜ್ಞಾನದ ಇತಿಹಾಸದಲ್ಲಿಯೇ ಇಂಥ ಐದು ದಳದ ದಾಸವಾಳಗಳು ಉಂಟು. ಅಮೆರಿಕದ ಪೇಂಟರ್ ಎಂಬ ವಿಜ್ಞಾನಿ 1923ರಲ್ಲಿ ಮಾನವನ ಜೀವಕೋಶದಲ್ಲಿ 48 ವರ್ಣತಂತುಗಳಿವೆ ಎಂದು ಪ್ರಕಟಿಸಿದರು. ಆಮೇಲೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪಠ್ಯಗಳೆಲ್ಲ 48 ಎಂದೇ ಹೇಳಿದವು. ಸೂಕ್ಷ್ಮದರ್ಶಕದಲ್ಲಿ ಇಣುಕಿದ ವಿದ್ವಾಂಸರೂ 48ನ್ನೇ ಕಂಡರು. ಮಾನವ ಯಕೃತ್ತಿನ ಕೋಶಗಳನ್ನು ನೋಡುತ್ತಿದ್ದ ಕೆಲವು ಸಂಶೋಧಕರಂತೂ ಮತ್ತೆ ಮತ್ತೆ 46 ಮಾತ್ರ ಸಿಕ್ಕಿದ್ದರಿಂದ, ಉಳಿದೆರಡು ತಮಗೆ ಕಾಣುತ್ತಿಲ್ಲವೆಂದು ಕೆಲಸವನ್ನೇ ನಿಲ್ಲಿಸಿದ್ದರಂತೆ. ಕಡೆಗೆ 1956ರಲ್ಲಿ ಸ್ವೀಡನ್ ದೇಶದ ಲುಂಡ್ ನಗರದಿಂದ ತ್ಜಿಯೊ ಮತ್ತು ಲೆವಾನ್ ಎಂಬ ಇಬ್ಬರು, ಕೋಶಗಳನ್ನು ಉಬ್ಬಿಸಿ, ಒತ್ತಿ, ವರ್ಣತಂತುಗಳು ಒಂದರ ಮೇಲೊಂದು ಬೀಳದಂತೆ ಹರಡಿ ಎಣಿಸಿ, ಸಂಖ್ಯೆ 46 ಎಂದು ಪ್ರಕಟಿಸಿದರು. ಕಣ್ಣಿಗಿಂತ ಮೊದಲು ಪುಸ್ತಕ ನೋಡುವ ಅಭ್ಯಾಸ ದೊಡ್ಡವರನ್ನೂ ಬಿಟ್ಟಿಲ್ಲ.

ಜೀವಶಾಸ್ತ್ರದ ಮೊದಲ ವರ್ಷ ವಿದ್ಯಾರ್ಥಿಯಿಂದ ನಿರೀಕ್ಷಿಸುವುದು ಮುಖ್ಯವಾಗಿ ಈ ನೋಟವನ್ನೇ. ನೋಡುವುದೂ ಕಲಿತು ಬರಬೇಕಾದ ವಿದ್ಯೆ. ಈರುಳ್ಳಿಯ ಸಿಪ್ಪೆಯ ತೆಳುಪದರವನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಬಣ್ಣ ಹಾಕಿ, ಮುಚ್ಚುಗಾಜನ್ನು ಸೂಜಿಯ ಆಸರೆಯಿಂದ ಓರೆಯಾಗಿ ಇಳಿಸದೆ ತಟ್ಟನೆ ಹಾಕಿದರೆ ಗಾಳಿಯ ಗುಳ್ಳೆಗಳು ಸೇರಿಕೊಳ್ಳುತ್ತವೆ. ದಪ್ಪ ಕಪ್ಪು ಅಂಚಿನ ಆ ಗುಳ್ಳೆಯನ್ನೇ ಜೀವಕೋಶವೆಂದು ಭಾವಿಸಿ ಶ್ರದ್ಧೆಯಿಂದ ಚಿತ್ರ ಬರೆದುಕೊಂಡು ಬಂದವರು ಪ್ರತಿ ವರ್ಷವೂ ಇರುತ್ತಾರೆ. ಗುಳ್ಳೆಯನ್ನು ಕಂಡು ಬರೆದವನು, ಏನನ್ನೂ ನೋಡದೆ ಪುಸ್ತಕದ ಕೋಶವನ್ನು ನಕಲಿಸಿದವನಿಗಿಂತ ಮೇಲು, ಅವನನ್ನು ತಿದ್ದಬಹುದು. ಈ ಮಾತಿನ ಸಂದರ್ಭದಲ್ಲಿ ದಾನಿಗಳ ಗಮನಕ್ಕೂ ಒಂದು ಸಂಗತಿಯನ್ನು ತರಬೇಕಾಗಿದೆ. ಉದಾರಿಗಳು ಕೊಟ್ಟ ಸೂಕ್ಷ್ಮದರ್ಶಕಗಳು ಹಲವು ಕಡೆ ಬೀರುವಿನಲ್ಲಿ ಬಟ್ಟೆ ಹೊದ್ದು ಕುಳಿತು, ತಪಾಸಣೆಯ ದಿನ ಮಾತ್ರ ಹೊರಗೆ ಬರುತ್ತವೆ. ಹುಡುಗರ ಕೈಯಲ್ಲಿ ಕೆಟ್ಟುಹೋದೀತೆಂಬ ಭಯ. ಕೆಟ್ಟರೆ ದುರಸ್ತಿ ಮಾಡಿಸಬಹುದು. ಹೊಸದನ್ನು ಕೊಡುವುದಕ್ಕಿಂತ ಹಳೆಯದರ ದುರಸ್ತಿಗೆ ಕೊಡುವ ಹಣ ಎಷ್ಟೋ ವೇಳೆ ಹೆಚ್ಚಿನ ದಾನ.

ಇನ್ನು ಭಾಷೆಯ ಮಾತು. ಕನ್ನಡ ಮಾಧ್ಯಮದಿಂದ ಬಂದವನಿಗೆ ಇಂಗ್ಲಿಷಿನ ಪಾರಿಭಾಷಿಕ ಪದಗಳು ಬೆಟ್ಟದಂತೆ ಎದುರು ನಿಲ್ಲುತ್ತವೆ. ನಗರದ ಹುಡುಗರು ಸಲೀಸಾಗಿ ಉಚ್ಚರಿಸುವುದನ್ನು ಕೇಳಿ ಅವನು ಇನ್ನಷ್ಟು ಕುಗ್ಗುತ್ತಾನೆ. ಆದರೆ ಆ ಪದಗಳು ಇಂಗ್ಲಿಷಿನ ಮನೆಮಾತಲ್ಲ. ಗ್ರೀಕ್, ಲ್ಯಾಟಿನ್ ಭಾಷೆಗಳ ತುಣುಕುಗಳನ್ನು ಸೇರಿಸಿ ಕಟ್ಟಿದ ಸಮಾಸಪದಗಳು. ಸಮಾಸವನ್ನು ವಿಗ್ರಹಿಸಲು ಬಲ್ಲವನಿಗೆ ಹೆದರಿಕೆ ಏತಕ್ಕೆ? ‘ಆರ್ಥ್ರೊಪೋಡ’ ಎಂಬುದರಲ್ಲಿ ‘ಆರ್ಥ್ರೊ’ ಎಂದರೆ ಸಂಧಿ, ‘ಪೋಡ’ ಎಂದರೆ ಪಾದ. ಸಂಧಿಗಳುಳ್ಳ ಪಾದಗಳು ಯಾವುದಕ್ಕೆ ಇವೆಯೋ ಅದು ಆರ್ಥ್ರೊಪೋಡ, ಅಪ್ಪಟ ಬಹುವ್ರೀಹಿ. ಅದನ್ನು ಕನ್ನಡದಲ್ಲಿ ಸಂಧಿಪದಿ ಎಂದವರು ಅಕ್ಷರಶಃ ಸರಿಯಾಗಿಯೇ ಮಾಡಿದ್ದಾರೆ. ಗ್ರೀಕಿನ ಆ ‘ಪೋಡ’ವೂ ಸಂಸ್ಕೃತದ ಪದ, ಪಾದಗಳೂ ಒಂದೇ ಮೂಲದವು. ಹಾಗೆಯೇ ‘ಪೋರಿಫೆರ’ ಎಂದರೆ ರಂಧ್ರಗಳನ್ನು ಧರಿಸಿದ್ದು, ಅಂದರೆ ಸ್ಪಂಜು ಪ್ರಾಣಿಗಳು. ಅಲ್ಲಿಯ ‘ಫೆರ್’ ಧಾತುವಿಗೆ ಸಂಸ್ಕೃತದ ‘ಭೃ’ ಧಾತು ಸೋದರ. ಮಾವಿನ ಮರಕ್ಕೆ ಲಿನೇಯಸ್ 1753ರಲ್ಲಿ ‘ಮ್ಯಾಂಜಿಫೆರ ಇಂಡಿಕ’ ಎಂದು ಹೆಸರಿಟ್ಟಾಗಲೂ ಅದೇ ‘ಫೆರ್’ ಬಂದಿತು. ಮ್ಯಾಂಗೋ ಎಂಬುದು ದ್ರಾವಿಡ ಭಾಷೆಗಳ ಮಾಂಗಾಯಿ, ಮಾಂಗಾಗಳಿಂದ ಪೋರ್ಚುಗೀಸರ ಮೂಲಕ ಯುರೋಪಿಗೆ ಹೋದ ಶಬ್ದ. ನಮ್ಮ ಹಿತ್ತಲಿನ ಮಾವು ಲ್ಯಾಟಿನ್ನಿನ ಅಂಗಿ ತೊಟ್ಟು ಪರೀಕ್ಷೆಯಲ್ಲಿ ಎದುರು ನಿಂತರೆ ಗುರುತು ಹಿಡಿಯಲಾರದೆ ಹೆದರಬೇಕೆ? ‘ಫೋಟೋಸಿಂಥೆಸಿಸ್’ ಎಂಬುದರ ತುಣುಕುಗಳನ್ನು ಬಿಡಿಸಿದರೆ ಬೆಳಕು, ಕೂಡಿ, ಇಡುವಿಕೆ ಎಂದಾಗುತ್ತದೆ. ಎಂಟನೆಯ ತರಗತಿಗೂ ಮೊದಲೇ ಕಲಿತ ದ್ಯುತಿಸಂಶ್ಲೇಷಣೆ ಬೇರೇನೂ ಅಲ್ಲ. ‘ಸೆಲ್’ ಎಂದರೆ ಸಣ್ಣ ಕೋಣೆ. ರಾಬರ್ಟ್ ಹುಕ್ 1665ರಲ್ಲಿ ಬೆಂಡಿನ ಚೂರಿನಲ್ಲಿ ಕಂಡ ಖಾಲಿ ಕೋಣೆಗಳಿಗೆ ಕೊಟ್ಟ ಹೆಸರದು. ಕನ್ನಡದ ‘ಕೋಶ’ವಾದರೋ ಒರೆ, ಬೊಕ್ಕಸ, ಮೊಗ್ಗು ಎಂಬೆಲ್ಲ ಅರ್ಥಗಳನ್ನು ತುಂಬಿಕೊಂಡದ್ದು, ನಿಘಂಟಿಗೂ ಕೋಶವೆಂದೇ ಹೆಸರು. ಹೆಸರಿಡುವುದರಲ್ಲಿ ಕನ್ನಡವೇ ಒಂದು ಕೈ ಮೇಲೆಂದರೆ ತಪ್ಪಾಗಲಾರದು.

ಉಪನ್ಯಾಸಕರ ಸಲಹೆಯಂತೆ ಹುಡುಗ ಒಂದು ಪದಗಳ ಪುಸ್ತಕವನ್ನು ಹಾಕಿಕೊಂಡ. ಎಡಗಡೆ ಪದ, ನಡುವೆ ಅದರ ತುಣುಕುಗಳು, ಬಲಗಡೆ ಕನ್ನಡದ ಅರ್ಥ. ದಸರಾ ರಜೆಯ ಹೊತ್ತಿಗೆ ತುಣುಕುಗಳೇ ಮರಳಿ ಮರಳಿ ಬರುತ್ತವೆಂಬುದು ಅವನಿಗೆ ತಿಳಿಯಿತು. ಹೊಸ ಪದಗಳು ಅರ್ಧ ಪರಿಚಿತರಾಗಿಯೇ ಬರತೊಡಗಿದವು.

ಬಾಯಿಪಾಠವನ್ನು ಹಳಿಯುವುದು ಈಚಿನ ಶಿಕ್ಷಣತಜ್ಞರ ವಾಡಿಕೆ. ಅದು ಪೂರ್ತಿ ನ್ಯಾಯವಲ್ಲ. ಸಾಮ್ರಾಜ್ಯದಿಂದ ಪ್ರಭೇದದವರೆಗಿನ ವರ್ಗೀಕರಣದ ಮೆಟ್ಟಿಲುಗಳನ್ನು ಕಂಠಸ್ಥ ಮಾಡದೆ ಗತ್ಯಂತರವಿಲ್ಲ. ಹಳೆಯ ಪಾಠಶಾಲೆಗಳಲ್ಲಿ ಕಂಠಪಾಠದ ಜೊತೆಗೆ ಇನ್ನೊಂದು ಕ್ರಮವೂ ಇತ್ತು. ಗುರುಗಳ ಪಾಠ ಮುಗಿದ ಮೇಲೆ ಸಹಪಾಠಿಗಳು ಗ್ರಂಥವನ್ನು ಮುಚ್ಚಿಟ್ಟು, ಅಂದಿನ ವಿಷಯವನ್ನು ಒಬ್ಬರಿಗೊಬ್ಬರು ಹೇಳಿ, ಆಕ್ಷೇಪವೆತ್ತಿ, ಸಮಾಧಾನ ಕಂಡುಕೊಳ್ಳುತ್ತಿದ್ದರು. ಅದಕ್ಕೆ ಚಿಂತನೆಯೆಂದು ಹೆಸರು. ಕಾಲೇಜಿನ ವಿದ್ಯಾರ್ಥಿ ಇಂದು ಮಾಡುವುದೇನು? ಪುಸ್ತಕವನ್ನು ತೆರೆದಿಟ್ಟುಕೊಂಡು, ಬಣ್ಣದ ಗೆರೆ ಎಳೆದು, ಅದೇ ಪುಟವನ್ನು ಆರು ಸಲ ಓದುತ್ತಾನೆ. ಆರನೆಯ ಸಲ ಎಲ್ಲವೂ ಪರಿಚಿತವೆನಿಸುತ್ತದೆ. ಪರಿಚಯವನ್ನು ಜ್ಞಾನವೆಂದು ಎಣಿಸಿ ಮಲಗುತ್ತಾನೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ ಇದು ಸ್ಪಷ್ಟವಾಗಿದೆ. ಒಂದೇ ಪಾಠವನ್ನು ಕೆಲವರು ಮತ್ತೆ ಮತ್ತೆ ಓದಿದರು. ಕೆಲವರು ಓದಿ, ಮುಚ್ಚಿ, ನೆನಪಿನಿಂದ ಬರೆದರು. ಐದು ನಿಮಿಷದ ಮೇಲೆ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ಮೇಲೆ ಕೇಳಿದಾಗ ಮುಚ್ಚಿ ಬರೆದವರು ಅವರನ್ನು ಬಹಳ ಹಿಂದೆ ಹಾಕಿದ್ದರು.

ಹುಡುಗನ ದಿನಚರಿಯೂ ಇದಕ್ಕೆ ತಕ್ಕಂತೆ ತಿರುಗಿತು. ತರಗತಿಗೆ ಹೋಗುವ ಮುನ್ನ ಆ ಅಧ್ಯಾಯದ ಚಿತ್ರಗಳನ್ನಷ್ಟೇ ನೋಡಿಕೊಂಡು ಹೋಗುವುದು. ಅದೇ ಸಂಜೆ ಪುಸ್ತಕ ಮುಚ್ಚಿ ಖಾಲಿ ಹಾಳೆಯ ಮೇಲೆ ಚಿತ್ರ ಬರೆದು ಭಾಗಗಳನ್ನು ಹೆಸರಿಸುವುದು. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಮಸಿಯಲ್ಲಿ ತುಂಬುವುದು. ಮೂರು ದಿನ ಬಿಟ್ಟು ಮತ್ತೊಮ್ಮೆ. ರಾತ್ರಿ ಊಟವಾದ ಮೇಲೆ ಜೊತೆಗಾರನಿಗೆ ಆ ವಿಷಯವನ್ನು ಕನ್ನಡದಲ್ಲಿ ವಿವರಿಸಿ ಹೇಳುವುದು. ಹೇಳಲು ಬಂದ ಮೇಲೆಯೇ ಇಂಗ್ಲಿಷಿನಲ್ಲಿ ಬರೆಯುವುದು. ಸ್ನಾಯುವಿನ ಕೋಶದಲ್ಲಿ ಮೈಟೋಕಾಂಡ್ರಿಯ ಹೆಚ್ಚೇಕೆಂಬುದನ್ನು ಅವನು ಒಂದು ರಾತ್ರಿ ಹೀಗೆ ವಿವರಿಸಿದ: ಜಾತ್ರೆಯ ದಾಸೋಹಕ್ಕೆ ಒಂದೇ ಒಲೆ ಸಾಲದು, ದುಡಿಮೆ ಹೆಚ್ಚಿದಲ್ಲಿ ಒಲೆಗಳೂ ಹೆಚ್ಚಬೇಕು. ಪರೀಕ್ಷೆಯಲ್ಲಿ ಬರೆಯುವ ಭಾಷೆ ಅದಲ್ಲ, ನಿಜ. ಆದರೆ ಅಂದು ಅವನಿಗೆ ಉತ್ತರ ತಿಳಿದಿತ್ತು.

ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಪುಸ್ತಕವನ್ನು ಉಪನ್ಯಾಸಕರು ಅವನಿಗೆ ಗ್ರಂಥಾಲಯದಿಂದ ಕೊಡಿಸಿದರು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಪಡೆದ ಆ ಕೃತಿಯಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕರೊಬ್ಬರು ವಿದ್ಯಾರ್ಥಿಗಳನ್ನು ಪಶ್ಚಿಮಘಟ್ಟದ ಕಾಡುಗಳಲ್ಲಿ ಅಲೆದಾಡಿಸಿ, ನಗಿಸುತ್ತ ಗಿಡಮರಗಳ ಪರಿಚಯ ಮಾಡಿಸುತ್ತಾರೆ. ಚಿತ್ರಗಳನ್ನೂ ಸ್ವಾಮಿಯವರೇ ಬರೆದಿದ್ದಾರೆ. ಪಠ್ಯಕ್ಕೆ ಅದು ನೇರವಾಗಿ ಒದಗದು. ಆದರೂ ಜೀವಶಾಸ್ತ್ರಕ್ಕೆ ಸೇರುವ ಪ್ರತಿಯೊಬ್ಬ ಕನ್ನಡ ವಿದ್ಯಾರ್ಥಿಯೂ ಮೊದಲ ರಜೆಯಲ್ಲಿ ಓದಬೇಕಾದ ಗ್ರಂಥವದು.

ವೈದ್ಯಕೀಯ ಪ್ರವೇಶಪರೀಕ್ಷೆಯ 720 ಅಂಕಗಳಲ್ಲಿ 360 ಜೀವಶಾಸ್ತ್ರಕ್ಕೇ ಮೀಸಲು. ಆದ್ದರಿಂದಲೇ ಮೊದಲ ವರ್ಷದಿಂದಲೇ ಹೂವನ್ನು ಬಿಟ್ಟು ಪ್ರಶ್ನಾವಳಿಗಳನ್ನು ಹಿಡಿಯುವ ಆತುರ ಹೆಚ್ಚಿದೆ. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಅಭ್ಯಾಸ ಎರಡನೆಯ ವರ್ಷಕ್ಕೆ ಬೇಕಾಗುತ್ತದೆ, ಮಾಡಲಿ. ಒಂದು ಹೂವನ್ನೂ ಬಿಡಿಸಿ ನೋಡದವನು ಆ ನಾಲ್ಕರಲ್ಲಿ ಊಹಿಸುತ್ತಾನೆಯೇ ಹೊರತು ಆರಿಸುವುದಿಲ್ಲ.

ಹುಡುಗ ಮೊದಲ ವರ್ಷ ಎರಡನೆಯ ದರ್ಜೆಯಲ್ಲಿ ಉತ್ತೀರ್ಣನಾದ. ಅಂಗಿಯ ಕಿಸೆಯ ಅರ್ಜಿ ಯಾವಾಗಲೋ ಒಗೆತಕ್ಕೆ ಹೋಗಿ ಮುದ್ದೆಯಾಗಿತ್ತು. ಮರುವರ್ಷ ಈರುಳ್ಳಿಯ ಬೇರಿನ ತುದಿಯನ್ನು ಬಣ್ಣದಲ್ಲಿ ಬಿಸಿಮಾಡಿ, ಗಾಜಿನ ಕೆಳಗೆ ಹೆಬ್ಬೆರಳಿನಿಂದ ಒತ್ತಿ, ವಿಭಜನೆಯಾಗುತ್ತಿದ್ದ ಕೋಶವೊಂದರಲ್ಲಿ ವರ್ಣತಂತುಗಳನ್ನು ಎಣಿಸುವ ಪ್ರಯೋಗ ಬಂದಿತು. ಈರುಳ್ಳಿಗೆ 16 ಎಂದು ಪುಸ್ತಕದಲ್ಲಿದೆ. ತರಗತಿಯ ದಾಖಲೆಪುಸ್ತಕಗಳಲ್ಲೆಲ್ಲ 16 ಎಂದಿತ್ತು, ಅವನದೊಂದರ ಹೊರತು. ಅವನು 14 ಎಂದು ಬರೆದು ಕೆಳಗೆ ಸೇರಿಸಿದ್ದ: “ಪುಸ್ತಕದ ಪ್ರಕಾರ 16. ಎಡಭಾಗದಲ್ಲಿ ಎರಡು ಕಡೆ ಒಂದರ ಮೇಲೊಂದು ಬಿದ್ದಂತೆ ತೋರುತ್ತದೆ. ಇನ್ನೊಂದು ಕೋಶವನ್ನು ನೋಡಬೇಕು.” ಉಪನ್ಯಾಸಕರು ಆ ಪುಟಕ್ಕೆ ಸಹಿ ಹಾಕಿ, ಸೂಕ್ಷ್ಮದರ್ಶಕವನ್ನು ಸಂಜೆ ಐದರವರೆಗೆ ಅವನ ಮೇಜಿನ ಮೇಲೆಯೇ ಬಿಡುವಂತೆ ಪ್ರಯೋಗಶಾಲೆಯ ಸಹಾಯಕನಿಗೆ ಹೇಳಿ ಹೋದರು.